ಬಾಗಿಲಲ್ಲಿ ನಿಂತಿದ್ದವರ ಫೋಟೋ

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ ಇದೆ. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಲು ಬರುವವರಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದುಕೊಡುವುದು ದಿನದ ಮುಕ್ಕಾಲು ಕೆಲಸ. ಉಳಿದ ಕಾಲು ಜೆರಾಕ್ಸ್. ಇಪ್ಪತ್ತು ವರ್ಷದಿಂದ "ಗದ್ದ ಸ್ವಲ್ಪ ಕೆಳಗೆ, ಉಸಿರು ಬಿಗಿ ಹಿಡೀಬೇಡಿ" ಎಂದು ಹೇಳುತ್ತಲೇ ಬಂದಿದ್ದೇನೆ. ಯಾರೂ ಕೇಳುವುದಿಲ್ಲ. ನಗುನಗುತ್ತಾ ಒಳಗೆ ಬಂದವರೂ ಸ್ಟೂಲಿನ ಮೇಲೆ ಕೂತ ತಕ್ಷಣ ಪೊಲೀಸ್ ಠಾಣೆಗೆ ಬಂದವರ ಹಾಗೆ ಆಗಿಬಿಡುತ್ತಾರೆ. ಇದೇ ಮುಖಗಳನ್ನು ನೋಡಿ ನೋಡಿ ನನಗೆ ಬೇಸರ ಬಂದಿತ್ತು.

ಭಾನುವಾರ ಬೆಳಗ್ಗೆ ಮಾಕಳಿದುರ್ಗ ಹತ್ತಲು ಹೋಗುವ ಬೆಂಗಳೂರಿನವರು ನಮ್ಮೂರಲ್ಲಿ ಟೀ ಕುಡಿಯಲು ನಿಲ್ಲುತ್ತಾರೆ. ಕೊರಳಲ್ಲಿ ದೊಡ್ಡ ದೊಡ್ಡ ಕ್ಯಾಮೆರಾ. ಒಂದು ಸಲ ನಾನು ಬಾಯಿ ತುಂಬ ಬೋಂಡಾ ಇಟ್ಟುಕೊಂಡು ನಿಂತಿದ್ದಾಗ ಅವರಲ್ಲೊಬ್ಬ ಟಕ್ಕೆಂದು ನನ್ನ ಫೋಟೋ ಹೊಡೆದ. "ಅಂಕಲ್, ತುಂಬಾ ನ್ಯಾಚುರಲ್ ಆಗಿ ಬಂದಿದೆ" ಎಂದು ತೋರಿಸಲು ಬೇರೆ ಬಂದ. ನನಗೆ ಎಲ್ಲಿತ್ತೋ ಸಿಟ್ಟು. ಬೋಂಡಾ ನುಂಗುವುದಕ್ಕೂ ಕಾಯದೆ ಕೂಗಾಡಿದೆ. ಪಾಪ, ಮರ್ಯಾದಸ್ಥ. "ಸಾರಿ ಅಂಕಲ್" ಎಂದು ನನ್ನ ಕಣ್ಣೆದುರೇ ಅಳಿಸಿ ಹೋದ.

ಇಷ್ಟಾದ ಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಯಾರೋ ಎಲ್ಲಿಂದಲೋ ಬಂದು ನಮ್ಮೂರನ್ನು ತೆಗೆಯುತ್ತಾರೆ, ಇಲ್ಲೇ ಹುಟ್ಟಿದ ನಾನು ಯಾಕೆ ತೆಗೆಯಬಾರದು ಎಂದು ಒಂದು ಹಳೆಯ ಕ್ಯಾಮೆರಾ ಕೊಂಡೆ. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಬೀದಿ ಸುತ್ತುವುದು, ಕಂಡವರ ಫೋಟೋ ಹೊಡೆಯುವುದು, ಮೊಬೈಲಿನಲ್ಲಿ ನಮ್ಮೂರ ಮುಖಗಳು ಎಂಬ ಪುಟ ಮಾಡಿ ಹಾಕುವುದು. ಹೂ ಕಟ್ಟುವವರು, ರೈಲಿಗೆ ಕಾಯುವವರು, ಟಿಕೆಟ್ ಹರಿಯುವ ಕಂಡಕ್ಟರು, ಕ್ಷೌರದಂಗಡಿಯಲ್ಲಿ ಅರ್ಧ ನೊರೆ ಮೆತ್ತಿಕೊಂಡು ಕೂತವರು, ಯಾರನ್ನೂ ಬಿಡಲಿಲ್ಲ. ಜನ ಹೊಗಳಿದರು. ನನ್ನ ತಲೆ ನಿಲ್ಲಲಿಲ್ಲ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಕಪ್ಪು ಕೋಟಿನ ಒಬ್ಬರು ಮೊಬೈಲಿನಲ್ಲಿ ಹೇಳುವುದನ್ನು ಕೇಳಿದ್ದೆ. ಅವರು "ಆದರೆ" ಎಂದು ಮುಂದುವರಿಸುವ ಹೊತ್ತಿಗೆ ಗಿರಾಕಿ ಬಂದರು, ನಾನು ನಿಲ್ಲಿಸಿದೆ. ಆ ಅರ್ಧ ಕಾನೂನನ್ನೇ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ.

ಒಂದು ಬುಧವಾರ ಬೆಳಗ್ಗೆ ಮಗ್ಗದ ಮನೆಗಳ ಒಂದು ಬೀದಿಯಲ್ಲಿ ಹೋಗುತ್ತಿದ್ದೆ. ಎರಡೂ ಕಡೆ ಪವರ್‌ಲೂಮುಗಳ ಸದ್ದು. ಒಂದು ಮನೆಯ ಮಗ್ಗ ಮಾತ್ರ ನಿಂತಿತ್ತು. ಆ ಮನೆಯ ಬಾಗಿಲಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಆಗಷ್ಟೇ ಮಗ್ಗದಿಂದ ಕತ್ತರಿಸಿದ ಸೀರೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಬಿಸಿಲಿಗೆ ಹಿಡಿದಿದ್ದರು. ಎಳೆ ತಪ್ಪಿದೆಯೇ, ಎಲ್ಲಾದರೂ ಗಂಟು ಉಳಿದಿದೆಯೇ ಎಂದು ನೇಯುವವರು ಹಾಗೆ ಬೆಳಕಿಗೆ ಹಿಡಿದು ನೋಡುತ್ತಾರೆ. ಎಳೆಬಿಸಿಲು ಸೀರೆಯಿಂದ ತೂರಿ ಅವರ ಮುಖಕ್ಕೆ ಬಿದ್ದಿತ್ತು. ಅವರು ಸೀರೆಯನ್ನು ನೋಡಿ ತಮ್ಮಷ್ಟಕ್ಕೆ ನಗುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನನ್ನ ಸ್ಟೂಲಿನ ಮೇಲೆ ಒಬ್ಬರೂ ಹಾಗೆ ನಕ್ಕಿರಲಿಲ್ಲ. ನಾನು ರಸ್ತೆಯ ಈಚೆ ಬದಿಯಿಂದಲೇ ಒಂದು ಹೊಡೆದು ಮುಂದೆ ನಡೆದೆ. ಅವರು ತಲೆಯೆತ್ತುವಷ್ಟರಲ್ಲಿ ನಾನು ತಿರುವಿನಲ್ಲಿದ್ದೆ.

ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ಮಧ್ಯಾಹ್ನವೇ ಪುಟಕ್ಕೆ ಹಾಕಿದೆ.

ಮರುದಿನ ಬೆಳಗ್ಗೆ ಆ ಹೆಂಗಸು ಅಂಗಡಿಗೆ ಬಂದರು. ಅವರಿಗಿಂತ ಮೊದಲೇ ಬಂದಿದ್ದ ಒಬ್ಬ ಹಿರಿಯರು ಬೆಂಚಿನ ಮೇಲೆ ಕೂತು ತಮ್ಮ ಸರದಿಗೆ ಕಾಯುತ್ತಿದ್ದರು. ಅವರದು ಎಂಟು ಮಗ್ಗಗಳ ಮನೆ, ಊರಲ್ಲಿ ಎಲ್ಲರಿಗೂ ಗೊತ್ತು. ಹೆಂಗಸು ಅವರನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಅಣ್ಣಾ, ನೆನ್ನೆ ಹಾಕಿದ್ದೀರಲ್ಲ, ಆ ಫೋಟೋ ತೆಗ್ದ್ಬಿಡಿ."

"ಯಾಕಮ್ಮಾ? ಎಷ್ಟು ಚೆನ್ನಾಗಿ ಬಂದಿದೆ. ಎಷ್ಟು ಜನ ನೋಡಿದಾರೆ ಗೊತ್ತಾ?"

"ಅದಕ್ಕೇ ತೆಗೀರಿ ಅಂತಿರೋದು."

"ಏನ್ ಕಾರಣ ಅಂತ ಹೇಳ್ಬೇಕಲ್ಲಮ್ಮಾ. ನಾನು ನಿಮ್ಮ ಮನೆ ಒಳಗೆ ಬಂದು ತೆಗೀಲಿಲ್ಲ. ರೋಡಲ್ಲಿ ನಿಂತ್ಕೊಂಡು ತೆಗ್ದಿದ್ದೀನಿ. ರೋಡಲ್ಲಿ ತೆಗೆಯೋಕೆ ಕಾನೂನು ಪ್ರಕಾರ ಯಾರನ್ನೂ ಕೇಳ್ಬೇಕಾಗಿಲ್ಲ."

ಅವರು ಬೆಂಚಿನ ಮೇಲಿದ್ದ ಹಿರಿಯರ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ. "ಬೇಡ ಅಂತ ಹೇಳ್ತಿದ್ದೀನಲ್ಲ ಅಣ್ಣಾ" ಎಂದರು. ದನಿ ಏರಲಿಲ್ಲ.

ನನಗೆ ಎಲ್ಲ ಅರ್ಥವಾಯಿತು ಅಂದುಕೊಂಡೆ. ಮನೆಯಲ್ಲಿ ಯಾರೋ ಬೈದಿರಬೇಕು, ಬೇರೆಯವರ ಮುಂದೆ ಹೇಳಿಕೊಳ್ಳಲು ನಾಚಿಕೆ. ನಾನೂ ಏನು ಕಲ್ಲುಹೃದಯದವನೇ? "ಸರಿ ಬಿಡಮ್ಮಾ, ಮುಖ ಕಾಣದ ಹಂಗೆ ಮಾಡ್ಬಿಡ್ತೀನಿ. ಯಾರೂ ಗುರುತು ಹಿಡಿಯಲ್ಲ. ಆಯ್ತಾ?" ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಅಷ್ಟರಲ್ಲಿ ಹಿರಿಯರನ್ನು "ಬನ್ನಿ ಯಜಮಾನ್ರೇ" ಎಂದು ಪರದೆಯ ಹಿಂದೆ ಕರೆದುಕೊಂಡು ಹೋದೆ. ಈಚೆ ಬಂದಾಗ ಹೊಸ್ತಿಲು ಖಾಲಿ. ಒಪ್ಪಿಕೊಂಡು ಹೋದರು ಎಂದೇ ತಿಳಿದೆ.

ಅವತ್ತೇ ಮುಖದ ಮೇಲೆ ಮಬ್ಬು ಬಳಿದು, ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ. ಸುಮ್ಮನೆ ಹಾಕಲಿಲ್ಲ. ಖಾಸಗಿತನಕ್ಕೆ ಗೌರವ ಕೊಟ್ಟು ಮುಖ ಮರೆಸಿದ್ದೇನೆ ಎಂದು ಮೇಲೊಂದು ಸಾಲು ಬೇರೆ ಬರೆದೆ. ಜನ ನನ್ನ ದೊಡ್ಡತನ ಮೆಚ್ಚಿ ಇನ್ನಷ್ಟು ಹಂಚಿದರು. ಮುಖ ಹೋದ ಮೇಲೆ ನೋಡುವವರ ಕಣ್ಣಿಗೆ ಉಳಿದದ್ದು ಸೀರೆಯೊಂದೇ. ಸೀರೆ ಸೂಪರ್, ಎಲ್ಲಿ ಸಿಗತ್ತೆ, ಅಂಚು ಹತ್ತಿರದಿಂದ ತೋರಿಸಿ ಎಂದು ಒಬ್ಬರ ಕೆಳಗೊಬ್ಬರು ಕೇಳುತ್ತಿದ್ದರು. ನಾನು ಎಲ್ಲರಿಗೂ ಕೈಮುಗಿಯುವ ಚಿತ್ರ ಒತ್ತುತ್ತಾ ಕೂತಿದ್ದೆ.

ನನ್ನ ತಾಯಿ ನಮ್ಮ ಜೊತೆಯಲ್ಲೇ ಇದ್ದಾರೆ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು, ಈಗ ಕಾಲು ನೋವು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಹೋದಾಗ, ಎಲ್ಲರೂ ಹೊಗಳುತ್ತಿರುವ ಫೋಟೋ ಅಮ್ಮನಿಗೂ ತೋರಿಸೋಣ ಎಂದು ಮೊಬೈಲ್ ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡರು. ಚಿತ್ರವನ್ನು ದೊಡ್ಡದು ಮಾಡು ಎಂದರು, ಮಾಡಿದೆ. ಇನ್ನೂ ದೊಡ್ಡದು ಎಂದರು.

"ಇದು ಹೊಸಾ ಡಿಸೈನು ಕಣೋ. ಇನ್ನೂ ಅಂಗಡಿಗೆ ಹೋಗಿಲ್ಲ. ಯಾರ್ದಿದು?"

ನಾನು ನಡೆದದ್ದನ್ನು ಹೇಳಿದೆ. ಅವರು ಬಂದು ಕೇಳಿದ್ದು, ನಾನು ದೊಡ್ಡ ಮನಸ್ಸು ಮಾಡಿ ಮುಖ ಮರೆಸಿದ್ದು.

ಅಮ್ಮ ಮೊಬೈಲನ್ನು ಊಟದ ತಟ್ಟೆಯ ಪಕ್ಕ ಇಟ್ಟರು. "ಮುಖ ಮುಚ್ಚಿ ಸೀರೆ ತೋರಿಸಿದ್ದೀಯಲ್ಲೋ! ಮಗ್ಗದ ಮನೇಲಿ ಹುಟ್ಟಿದೋನಾ ನೀನು?"

ನಮ್ಮ ಮನೆಯಲ್ಲಿ ಮಗ್ಗವಿದ್ದಾಗ ಅದರ ಪಕ್ಕದ ಗೂಟಕ್ಕೆ ಒಂದು ಹಳೆಯ ದುಪ್ಪಟಿ ಸದಾ ನೇತಾಡುತ್ತಿತ್ತು. ಹೊಸ ಡಿಸೈನ್ ನೇಯುವಾಗ ಯಾರಾದರೂ ಬಾಗಿಲು ತಟ್ಟಿದರೆ ಅಮ್ಮ ಮೊದಲು ದುಪ್ಪಟಿಯನ್ನು ನೇಯ್ದ ಬಟ್ಟೆಯ ಮೇಲೆ ಎಸೆದು, ಆಮೇಲೆ ಬಾಗಿಲು ತೆರೆಯುತ್ತಿದ್ದರು. ಹಿಂದೂಪುರದಿಂದ ಬರುವ ಸೋದರಮಾವನಿಗೂ ಅದೇ ಮರ್ಯಾದೆ. ಅವನಿಗೂ ಮಗ್ಗಗಳಿದ್ದವು. ಅವನೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಅವನ ಮನೆಯಲ್ಲೂ ಒಂದು ದುಪ್ಪಟಿ ಇತ್ತು. ಅಂಚನ್ನು ಒಮ್ಮೆ ಸರಿಯಾಗಿ ನೋಡಿದರೆ ಸಾಕು, ಗೊತ್ತಿದ್ದವರು ಅದನ್ನು ಕಾಗದಕ್ಕಿಳಿಸಿ, ಮಗ್ಗದಲ್ಲಿ ಡಿಸೈನ್ ಮೂಡಿಸುವ ತೂತಿನ ಕಾರ್ಡು ಹೊಡೆಸಿ, ಅಗ್ಗದ ನೂಲಿನಲ್ಲಿ ನೇಯ್ದು ವಾರದೊಳಗೆ ಮಾರುಕಟ್ಟೆಗೆ ತಂದುಬಿಡುತ್ತಾರೆ. ಆಮೇಲೆ ಮೊದಲು ನೇಯ್ದವರೇ ಕದ್ದವರ ಹಾಗೆ ಕಾಣುತ್ತಾರೆ. ಇದೆಲ್ಲ ಗೊತ್ತಿದ್ದೂ ನನಗೆ ಆ ಬಾಗಿಲಲ್ಲಿ ಕಂಡದ್ದು ಬೆಳಕು ಬಿದ್ದ ಒಂದು ಮುಖ ಮಾತ್ರ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಕಾರಣ ಹೇಳಿ ಎಂದು ನಾನು ಪಟ್ಟು ಹಿಡಿದಿದ್ದೆನಲ್ಲ, ಎಂಟು ಮಗ್ಗದ ಯಜಮಾನರು ಬೆಂಚಿನ ಮೇಲೆ ಕೂತಿರುವಾಗ ಆ ಹೆಂಗಸು ಹೇಗೆ ಹೇಳಬೇಕಿತ್ತು? ಅವರು ಕಾರಣ ಹೇಳಿದ್ದರೆ ಮುಚ್ಚಿಡಬೇಕಾದದ್ದನ್ನು ತಾವೇ ಬಿಚ್ಚಿ ತೋರಿಸಿದ ಹಾಗೆ ಆಗುತ್ತಿತ್ತು. ಬೇಡ ಎಂದರು. ಅಷ್ಟು ಸಾಕಾಗಬೇಕಿತ್ತು. ಬೋಂಡಾ ತಿನ್ನುವಾಗ ನನಗೆ ಅಷ್ಟೇ ಸಾಕಾಗಿತ್ತು.

ತಟ್ಟೆಯ ಮುಂದೆ ಕೂತೇ ಪುಟದಿಂದ ಫೋಟೋ ತೆಗೆದೆ. ಕೈ ತೊಳೆದು ನೇರವಾಗಿ ಆ ಬೀದಿಗೆ ಹೋದೆ. ಬಾಗಿಲ ಹತ್ತಿರ ಹೋಗಲಿಲ್ಲ. ರಸ್ತೆಯಲ್ಲೇ ನಿಂತು "ಅಮ್ಮಾ" ಎಂದು ಕೂಗಿದೆ. ಮಗ್ಗ ನಿಂತಿತು. ಅವರು ಬಾಗಿಲನ್ನು ಅರ್ಧ ಎಳೆದುಕೊಂಡು ಹೊರಗೆ ಬಂದರು.

"ತೆಗ್ದಿದ್ದೀನಿ. ಪೂರ್ತಿ ತೆಗ್ದಿದ್ದೀನಿ. ನಂಗೆ ಗೊತ್ತಾಗ್ಲಿಲ್ಲಮ್ಮಾ, ತಪ್ಪಾಯ್ತು."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕೆಳದನಿಯಲ್ಲಿ ಹೇಳಿದರು. "ಸೋಮವಾರ ಚಿಕ್ಕಪೇಟೆಗೆ ತಗೊಂಡು ಹೋಗ್ಬೇಕು ಅಣ್ಣಾ, ಸೀರೆ ಅಂಗಡಿಯೋರ್ಗೆ ತೋರ್ಸೋಕೆ. ಹತ್ತು ವರ್ಷದಿಂದ ಬೇರೆಯೋರು ಕೊಟ್ಟ ಡಿಸೈನೇ ನೇಯ್ತಾ ಇದೀನಿ. ಇದು ನಾನೇ ಬರ್ದಿದ್ದು. ಅಷ್ಟ್ರಲ್ಲಿ ಇದು ಬೇರೆ ಕಡೆಯಿಂದ ಅವ್ರ ಕೈಗೆ ಹೋಗ್ಬಿಟ್ರೆ ನಾನ್ ಬರ್ದಿದ್ದು ಅಂತ ಯಾರು ನಂಬ್ತಾರೆ?" ಆಮೇಲೆ ಕೇಳಿದರು. "ಎಲ್ಲಾ ಕಡೆಯಿಂದ್ಲೂ ಹೋಯ್ತಾ?"

ಹೋಗಿರಲಿಲ್ಲ. ಎಷ್ಟೋ ಜನ ತಮ್ಮ ತಮ್ಮ ಗುಂಪುಗಳಿಗೆ ಹಾಕಿಕೊಂಡಿದ್ದರು. "ಸೋಮವಾರದೊಳಗೆ ತೆಗ್ಸ್ತೀನಿ" ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಅಂಗಡಿಗೆ ಬೀಗ ಹಾಕಿ ಒಬ್ಬೊಬ್ಬರನ್ನಾಗಿ ಹಿಡಿದೆ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಸಹಪಾಠಿ ಅದನ್ನು ತನ್ನ ಶಿಫ್ಟಿನ ಗುಂಪಿಗೆಲ್ಲ ಕಳಿಸಿದ್ದ. ಫೋನ್ ಮಾಡಿದರೆ ನಕ್ಕ.

"ಯಾಕ್ ಗುರು? ರೋಡಲ್ಲಿ ತೆಗ್ದಿರೋದು ತಾನೇ? ಯಾರ್ ಏನ್ ಕೇಳೋಕಾಗತ್ತೆ?"

ನನ್ನದೇ ಮಾತು ನನ್ನ ಕಿವಿಗೇ ಬಂದು ಬಿತ್ತು. ಕಾರಣ ಹೇಳೋಣವೆಂದರೆ ಬಾಯಿ ಕಟ್ಟಿತ್ತು. ಆ ಸೀರೆಯ ವಿಷಯ ನಾನೇ ನಾಲ್ಕು ಜನಕ್ಕೆ ಹೇಳಿದರೆ ಆ ಹೆಂಗಸು ನನ್ನ ಅಂಗಡಿಗೆ ಬಂದದ್ದೇ ವ್ಯರ್ಥ. "ಕಾರಣ ಕೇಳ್ಬೇಡ ಕಣೋ. ತೆಗಿ, ಅಷ್ಟೆ. ಕೈ ಮುಗೀತೀನಿ" ಎಂದೆ. ನಾನು ಅವನಿಗೆ ಕೈ ಮುಗಿಯುತ್ತೇನೆ ಎಂದದ್ದು ಅದೇ ಮೊದಲು. ಅವನ ನಗು ನಿಂತಿತು. "ಆಯ್ತು ಬಿಡು ಮಗಾ" ಎಂದ. ತೆಗೆದ. ಊಟದ ಬಿಡುವಿನಲ್ಲಿ ಗುಂಪಿನವರ ಬೆಂಚುಬೆಂಚಿಗೆ ಹೋಗಿ ಅವರ ಮೊಬೈಲಿನಿಂದಲೂ ತೆಗೆಸಿದ ಎಂದು ಆಮೇಲೆ ಗೊತ್ತಾಯಿತು. ಯಾಕೆಂದು ಅವನು ಇವತ್ತಿನವರೆಗೂ ಕೇಳಿಲ್ಲ.

ಶುಕ್ರವಾರ ಸಂಜೆ, ಶನಿವಾರ ಪೂರ್ತಿ ಇದೇ ಕೆಲಸ. ದೇವನಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬರ ಹತ್ತಿರ ಬಸ್ಸಿನಲ್ಲಿ ಹೋದೆ, ಅವರು ಫೋನ್ ಎತ್ತುತ್ತಿರಲಿಲ್ಲ. ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ನನ್ನ ಮಾತು ಕೇಳಿದರು. "ಆ ಹೆಂಗ್ಸು ಬೇಡ ಅಂದ್ರಾ?" ಎಂದಷ್ಟೇ ಕೇಳಿದರು. ಹೂಂ ಎಂದೆ. ಅಳಿಸಿ, ನನ್ನ ಮುಂದೆಯೇ ತಮ್ಮ ಗಿರಾಕಿಗಳ ಗುಂಪಿಗೆ ಧ್ವನಿ ಸಂದೇಶ ಕಳಿಸಿ ಎಲ್ಲರಿಗೂ ಅಳಿಸಲು ಹೇಳಿದರು. ಎರಡು ದಿನದ ಹಿಂದೆ ನನಗೆ ಬರಬೇಕಾಗಿದ್ದ ಬುದ್ಧಿ ಅವರಿಗೆ ಒಂದೇ ನಿಮಿಷದಲ್ಲಿ ಬಂತು. ವಾದ ಮಾಡಿದವರೂ ಇದ್ದರು, ತೆಗೆದೆ ಎಂದು ಸುಳ್ಳು ಹೇಳಿದವರೂ ಇದ್ದಿರಬಹುದು. ಆದರೆ ಕೇಳಿದ್ದಕ್ಕೆ ಸುಮ್ಮನೆ ಅಳಿಸಿದವರೇ ಹೆಚ್ಚು. ಅವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಯಾರ ಮನೆಯ ವಿಷಯವೋ, ಏನೋ, ಅವರಿಗೇನೂ ಗೊತ್ತಿರಲಿಲ್ಲ.

ಕೊನೆಗೆ ಉಳಿದವರು ಬೆಂಚಿನ ಮೇಲೆ ಕೂತಿದ್ದ ಹಿರಿಯರು. ಅವರು ಫೋಟೋ ಇಟ್ಟುಕೊಂಡಿದ್ದರೋ ಇಲ್ಲವೋ ನನಗೆ ತಿಳಿಯದು. ಕೇಳಲು ಹೋದರೆ ಇಲ್ಲದ ಆಸೆ ಹುಟ್ಟಿಸಿದ ಹಾಗೆ ಆದೀತೆಂದು ಭಯ. ಹೋಗದೆ ಇದ್ದರೆ ನಿದ್ದೆ ಬರುವುದಿಲ್ಲ. ಭಾನುವಾರ ಬೆಳಗ್ಗೆ ಹೋದೆ. ಕರೆಂಟ್ ಇರಲಿಲ್ಲ. ಎಂಟೂ ಮಗ್ಗ ಸುಮ್ಮನಿದ್ದವು. ಅವರು ಒಂದಕ್ಕೆ ಎಣ್ಣೆ ಬಿಡುತ್ತಿದ್ದರು.

"ಏನಪ್ಪಾ, ಮನೆ ತನ್ಕ ಬಂದ್ಬಿಟ್ಟೆ?"

"ಯಜಮಾನ್ರೇ, ಒಂದು ಫೋಟೋ... ನನ್ನ ಪುಟದಲ್ಲಿ ಹಾಕಿದ್ದೆ..."

ಅವರು ಕೈ ಒರೆಸಿಕೊಂಡು ಜೇಬಿನಿಂದ ಮೊಬೈಲ್ ತೆಗೆದರು. ಒತ್ತಿ ತೋರಿಸಿದರು. ಇತ್ತು. ಮುಖ ಮಬ್ಬಾಗಿದ್ದದ್ದು, ಅಂಚು ಎದ್ದು ಕಾಣುವಂಥದ್ದು.

"ಸುಳ್ಳು ಹೇಳಲ್ಲ ಕಣಪ್ಪಾ. ದೊಡ್ಡದು ಮಾಡ್ಕೊಂಡು ನೋಡ್ದೆ. ಒಂದ್ಸಲ ಅಲ್ಲ, ನಾಕ್ಸಲ. ಒಳ್ಳೇ ಕೈ ಆ ಹೆಣ್ಮಗಳ್ದು. ನನ್ನ ಎಂಟು ಮಗ್ಗದಾಗೆ ಈ ವರ್ಷ ಇಂಥದ್ದೊಂದು ಬಂದಿಲ್ಲ."

ಅವರು ಫೋಟೋವನ್ನು ಮತ್ತೊಮ್ಮೆ ನೋಡಿದರು.

"ಅವತ್ತು ನಿನ್ನ ಅಂಗಡೀಲಿ ನನ್ನ ಮುಖ ನೋಡಿದ್ಲಲ್ಲ, ಆಗ್ಲೇ ಗೊತ್ತಾಯ್ತು. ನಾನು ಎದ್ದು ಆಚೆ ಹೋಗ್ಬೇಕಾಗಿತ್ತು. ಇವಳೇನು ಹೇಳ್ತಾಳೋ ಕೇಳೋಣ ಅಂತ ಕೂತೆ." ಅವರು ಮೊಬೈಲನ್ನು ನನ್ನ ಕೈಗಿಟ್ಟರು. "ತಗೋ, ನೀನೇ ಅಳ್ಸು. ನಂಗೆ ಸರಿಯಾಗಿ ಬರಾಕಿಲ್ಲ. ಅರ್ಧಂಬರ್ಧ ಉಳಿದ್ರೆ ಮತ್ತೆ ನೋಡ್ಬೇಕು ಅನ್ಸತ್ತೆ."

ಅಳಿಸಿದೆ. ಕಸದ ಬುಟ್ಟಿಗೆ ಹೋಗಿದ್ದನ್ನೂ ಅಳಿಸಿದೆ. ಅವರು ಮತ್ತೆ ಎಣ್ಣೆಯ ಡಬ್ಬಿ ಕೈಗೆತ್ತಿಕೊಂಡರು. ನಾನು ಬಾಗಿಲು ದಾಟುವಾಗ "ಅವ್ಳಿಗೆ ಏನೂ ಹೇಳ್ಬೇಡ" ಎಂದರು. ಆ ದಿನ ನಾನು ಅವರ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ, ಸಂಕೋಚ. ಅದನ್ನು ಈಗ ಇಲ್ಲಿ ಬರೆದು ತೀರಿಸಿಕೊಳ್ಳುತ್ತಿದ್ದೇನೆ.

ಅಂಗಡಿಗೆ ವಾಪಸು ಬಂದು ನನ್ನಲ್ಲಿ ಉಳಿದಿದ್ದ ಮೂಲ ಫೋಟೋವನ್ನೂ ತೆಗೆದೆ, ಕ್ಯಾಮೆರಾದಿಂದ, ಕಂಪ್ಯೂಟರಿನಿಂದ. ಒತ್ತುವ ಮುಂಚೆ ಒಂದು ಸಲ ನೋಡಿದೆ. ಅಂಥ ಫೋಟೋ ನಾನು ಮತ್ತೆ ತೆಗೆಯಲಾರೆ ಎಂದು ಆಗಲೂ ಗೊತ್ತಿತ್ತು. ಆದರೂ ಒತ್ತಿದೆ.

ಸೋಮವಾರ ಬಂತು, ಹೋಯಿತು. ಅವರನ್ನು ಹೋಗಿ ಕೇಳುವ ಮುಖ ನನಗಿರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಸೀರೆ ಅಂಗಡಿಗಳ ಮುಂದೆ ಹಾದುಹೋಗುವಾಗಲೆಲ್ಲ ಬೊಂಬೆಗಳಿಗೆ ಉಡಿಸಿದ ಸೀರೆಗಳ ಅಂಚನ್ನು ಕದ್ದು ನೋಡುತ್ತಿದ್ದೆ. ಆ ಅಂಚು ಎಲ್ಲಾದರೂ ಕಂಡರೆ ಮುಗಿಯಿತು. ಅದರಲ್ಲಿ ಏನಿತ್ತು ಎಂದು ಕೇಳಬೇಡಿ, ಇಲ್ಲಿ ಬರೆಯುವುದಿಲ್ಲ. ಅವರ ಹೆಸರು, ಬೀದಿ, ಸೀರೆಯ ಬಣ್ಣ, ಯಾವುದನ್ನೂ ಬರೆಯುವುದಿಲ್ಲ.

ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಅವರು ಬಂದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಈ ಸಲ ಹೊಸ್ತಿಲಲ್ಲಿ ನಿಲ್ಲದೆ ಒಳಗೆ ಬಂದು ಬೆಂಚಿನ ಮೇಲೆ ಕೂತರು.

"ಆರ್ಡರ್ ಕೊಟ್ರು ಅಣ್ಣಾ."

ನನ್ನ ಕಣ್ಣಲ್ಲಿ ನೀರು ಬಂತು. ಜೆರಾಕ್ಸ್ ಯಂತ್ರದ ಕಡೆ ತಿರುಗಿ ಕಾಗದ ಸರಿಪಡಿಸುವವನ ಹಾಗೆ ಮಾಡಿದೆ. ಅವರು ಹಿಂದಿನಿಂದ ಕೇಳಿದರು.

"ಆ ಫೋಟೋ ಇದ್ಯಾ?"

"ಅಯ್ಯೋ ಇಲ್ಲಮ್ಮಾ! ಎಲ್ಲಾ ಕಡೆ ತೆಗೆಸ್ಬಿಟ್ಟೆ."

"ಅದಲ್ಲ. ಮೊದ್ಲನೇದು. ಮುಖ ಇದ್ದಿದ್ದು. ನಿಮ್ಮ ಹತ್ರ ಇರತ್ತಲ್ಲ?"

"ಇಲ್ಲ. ಅದನ್ನೂ ಅಳಿಸ್ಬಿಟ್ಟೆ."

"ಒಂದಾದ್ರೂ ಇಟ್ಕೊಂಡಿರ್ತೀರ ಅಂತ ಅಂದ್ಕೊಂಡು ಬಂದೆ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಅಷ್ಟು ಚೆನ್ನಾಗಿ ನನ್ನ ಮುಖ ಯಾವತ್ತೂ ಬಂದಿರ್ಲಿಲ್ಲ ಅಣ್ಣಾ. ಮುಖ ಬೇಡ ಅಂತ ನಾನ್ ಯಾವಾಗ ಹೇಳಿದ್ದೆ?"

ನಿಜ. ಹೇಳಿರಲಿಲ್ಲ. ಅವರು ಬೇಡವೆಂದ ಸೀರೆಯನ್ನು ಊರಿಗೆಲ್ಲ ತೋರಿಸಿ, ಅವರಿಗೆ ಬೇಕಾಗಿದ್ದ ಮುಖವನ್ನು ನಾನೇ ಮೊದಲು ಮಬ್ಬು ಮಾಡಿ ಆಮೇಲೆ ಇಲ್ಲವಾಗಿಸಿದ್ದೆ. ಎರಡು ಸಲವೂ ಒಂದು ಮಾತು ಕೇಳಿರಲಿಲ್ಲ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನಿಜ್ವಾಗ್ಲೂ ಒಂದೂ ಇಟ್ಕೊಂಡಿಲ್ವಾ?"

"ಒಂದೂ ಇಲ್ಲಮ್ಮಾ."

ಅವರು ಎದ್ದರು. ಹೋಗುತ್ತಾರೆ ಅಂದುಕೊಂಡೆ. ಪರದೆ ಸರಿಸಿ ತಾವೇ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಸೆರಗು ಸರಿಮಾಡಿಕೊಂಡು, ಹಣೆಯ ಕೂದಲು ಹಿಂದಕ್ಕೆ ತಳ್ಳಿ, "ತೆಗೀರಿ" ಎಂದರು.

ಐದಾರು ತೆಗೆದೆ. ಇಲ್ಲಿ ಟ್ಯೂಬ್‌ಲೈಟು, ಹಿಂದೆ ನೀಲಿ ಪರದೆ, ಎಳೆಬಿಸಿಲು ಎಲ್ಲಿಂದ ತರಲಿ? ಕಂಪ್ಯೂಟರಿನ ಮುಂದೆ ಇಬ್ಬರೂ ನಿಂತು ಒಂದೊಂದಾಗಿ ನೋಡಿದೆವು.

"ಅವತ್ತಿನ ಥರ ಬರ್ಲಿಲ್ಲ ಅಲ್ವಾ?" ಎಂದರು.

"ಇಲ್ಲ."

ಅವರು ಅದರಲ್ಲೊಂದನ್ನು ಬೆರಳಿಟ್ಟು ತೋರಿಸಿದರು. "ಇದಿರ್ಲಿ. ಮನೆಗೆ ಒಂದು ದೊಡ್ಡದು ಮಾಡ್ಕೊಡಿ." ಚಪ್ಪಲಿ ಮೆಟ್ಟಿಕೊಂಡು ಒಂದು ಕ್ಷಣ ನಿಂತು, ಅಂಗಡಿಯ ಮುಂಭಾಗದಲ್ಲಿ ನಾನು ಫೋಟೋಗಳನ್ನು ಅಂಟಿಸಿರುವ ಗಾಜಿನ ಕಡೆ ನೋಡಿದರು. "ನೀವೂ ಒಂದು ಇಟ್ಕೊಳ್ಳಿ ಅಣ್ಣಾ. ಬೇಕಾದ್ರೆ ಅಲ್ಲಿ ಹಾಕ್ಕೊಳ್ಳಿ."